ಮುಪ್ಪು ಮತ್ತು ವಿಟಮಿನ್ ಡಿ: ಕೊರತೆಯೂ ಬೇಡ, ಅತಿಯೂ ಬೇಡ

ವಯಸ್ಸಾದಂತೆ ಮೂಳೆ ಸವೆಯುತ್ತದೆ, ಸ್ನಾಯುಗಳ ಬಲ ಕುಂದುತ್ತದೆ. ಅಂಗಳದಲ್ಲಿ ಜಾರಿ ಬಿದ್ದರೂ ಸೊಂಟದ ಮೂಳೆ ಮುರಿಯುವ ಭಯ ಹಿರಿಯರಿಗೆ ಇದ್ದೇ ಇರುತ್ತದೆ. ಇದಕ್ಕೆ ಇರುವ ಹಲವು ಕಾರಣಗಳಲ್ಲಿ ವಿಟಮಿನ್ ಡಿ ಕೊರತೆಯೂ ಒಂದು. ಈ ವಿಟಮಿನ್ ಮುಪ್ಪನ್ನೇ ಮುಂದೂಡುತ್ತದೆ ಎಂಬ ಮಾತು ಈಗ ಕೇಳಿಬರುತ್ತಿದೆ. ಸಂಶೋಧನೆಗಳು ಅಷ್ಟು ಸುಲಭದ ಉತ್ತರ ಕೊಡುವುದಿಲ್ಲ.

ತಯಾರಾಗುವ ಬಗೆ

ಅಮೆರಿಕದ ವಿಜ್ಞಾನಿ ಎಲ್ಮರ್ ಮೆಕ್‌ಕಾಲಮ್ 1922ರಲ್ಲಿ ಕಾಡ್ ಲಿವರ್ ಎಣ್ಣೆಯಲ್ಲಿ ಮೂಳೆರೋಗ ವಾಸಿ ಮಾಡುವ ಅಂಶವನ್ನು ಗುರುತಿಸಿದರು. ಅದಕ್ಕೆ ವಿಟಮಿನ್ ಡಿ ಎಂಬ ಹೆಸರು ಬಂತು. ಹೆಸರಿಗೆ ವಿಟಮಿನ್ ಆದರೂ ಇದರ ಕೆಲಸ ಹಾರ್ಮೋನಿನಂತೆ. ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ಇದು ಚರ್ಮದಲ್ಲಿ ಹುಟ್ಟುತ್ತದೆ. ಮೊದಲು ಪಿತ್ತಜನಕಾಂಗದಲ್ಲಿ, ನಂತರ ಮೂತ್ರಪಿಂಡದಲ್ಲಿ ಮಾರ್ಪಾಡಾಗಿ ಕೆಲಸಕ್ಕೆ ಸಿದ್ಧವಾಗುತ್ತದೆ. ಆಹಾರದಲ್ಲಿರುವ ಕ್ಯಾಲ್ಸಿಯಂ ಮತ್ತು ರಂಜಕವನ್ನು ಕರುಳು ಹೀರಿಕೊಳ್ಳುವಂತೆ ಮಾಡುವುದು ಇದರ ಮುಖ್ಯ ಕೆಲಸ.

ಮುಪ್ಪಿನಲ್ಲಿ ಈ ದಾರಿ ಎರಡು ಕಡೆ ಸೊರಗುತ್ತದೆ. ಎಂಬತ್ತರ ಆಸುಪಾಸಿನವರ ಚರ್ಮ ಎಳೆಯರ ಚರ್ಮದ ಅರ್ಧದಷ್ಟು ವಿಟಮಿನ್ ಡಿಯನ್ನೂ ತಯಾರಿಸದು ಎಂದು 1985ರ ಅಧ್ಯಯನವೊಂದು ತೋರಿಸಿತು. ಮೂತ್ರಪಿಂಡದ ಶಕ್ತಿಯೂ ತಗ್ಗುತ್ತದೆ. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತಿನ ಬಿಸಿಲು ಬೇಕು. ಬಿಸಿಲಿನ ನಾಡಾದ ಭಾರತದಲ್ಲೂ ಕೊರತೆ ವ್ಯಾಪಕವಾಗಿರಲು ಇದೂ ಒಂದು ಕಾರಣ.

ಇಲಿಗಳು ಕಲಿಸಿದ ಪಾಠ

1997ರಲ್ಲಿ ಜಪಾನಿನ ಮಕೊಟೊ ಕುರೊ-ಒ ಮತ್ತು ಸಂಗಡಿಗರು 'ಕ್ಲೋಥೊ' ಎಂಬ ಜೀನ್ ಕುರಿತು ವರದಿ ಮಾಡಿದರು. ಇದು ಕೆಟ್ಟ ಇಲಿಗಳು ಎಳೆಯ ವಯಸ್ಸಿನಲ್ಲೇ ಮುದಿಯಾದವು. ಅವುಗಳ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡಿತು, ಚರ್ಮ ತೆಳುವಾಯಿತು, ಆಯುಸ್ಸು ಕುಗ್ಗಿತು. ಈ ಇಲಿಗಳ ದೇಹದಲ್ಲಿ ಸಕ್ರಿಯ ವಿಟಮಿನ್ ಡಿ ಮಿತಿಮೀರಿತ್ತು ಎಂಬುದು ಮುಂದಿನ ಅಧ್ಯಯನಗಳಲ್ಲಿ ತಿಳಿದುಬಂತು. ಆಹಾರದಲ್ಲಿ ಅದನ್ನು ಕಡಿಮೆ ಮಾಡಿದಾಗ ಮುಪ್ಪಿನ ಹಲವು ಲಕ್ಷಣಗಳು ತಗ್ಗಿದವು. ಅಂದರೆ ಕೊರತೆಯಂತೆ ಅತಿಯೂ ದೇಹವನ್ನು ಸವೆಸಬಲ್ಲದು.

ಮನುಷ್ಯರಲ್ಲಿ ಕಂಡದ್ದು

ಅಮೆರಿಕದ 'ವೈಟಲ್' ಪ್ರಯೋಗದಲ್ಲಿ 25,871 ಮಂದಿ ಪಾಲ್ಗೊಂಡಿದ್ದರು. ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ಸೇವಿಸಿದವರಲ್ಲಿ ಕ್ಯಾನ್ಸರ್ ಆಗಲಿ, ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ ಎಂದು 2018ರಲ್ಲಿ ಪ್ರಕಟವಾಯಿತು. ಮೂಳೆ ಮುರಿತವೂ ತಗ್ಗಲಿಲ್ಲ ಎಂದು 2022ರಲ್ಲಿ ತಿಳಿಯಿತು. ಆದರೆ ಇವರಲ್ಲಿ ಬಹುತೇಕರಿಗೆ ಮೊದಲಿನಿಂದಲೂ ಕೊರತೆ ಇರಲಿಲ್ಲ ಎಂಬುದನ್ನು ಮರೆಯಬಾರದು.

ಇದೇ ಪ್ರಯೋಗದ ಸುಮಾರು ಸಾವಿರ ಮಂದಿಯ ಟೆಲೊಮಿಯರ್‌ಗಳನ್ನೂ ಅಳೆಯಲಾಯಿತು. ವರ್ಣತಂತುಗಳ ತುದಿಯ ಈ ರಕ್ಷಾಕವಚ ವಯಸ್ಸಾದಂತೆ ಮೋಟಾಗುತ್ತದೆ. ವಿಟಮಿನ್ ಸೇವಿಸಿದವರಲ್ಲಿ ಈ ಸವೆತ ನಿಧಾನವಾಗಿತ್ತು ಎಂದು 2025ರಲ್ಲಿ ವರದಿಯಾಯಿತು. ಇದರಿಂದ ಆಯುಸ್ಸು ಹೆಚ್ಚುತ್ತದೆ ಎಂದು ಸಾಬೀತಾಗಿಲ್ಲ.

ಇನ್ನೊಂದು ಕಡೆ, ಆಸ್ಟ್ರೇಲಿಯಾದಲ್ಲಿ 70 ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಲಾಯಿತು. ಬೀಳುವುದೂ ಮೂಳೆ ಮುರಿಯುವುದೂ ಅವರಲ್ಲಿ ಹೆಚ್ಚಾಯಿತು ಎಂದು 2010ರ ವರದಿ ಹೇಳಿತು.

ಗಮನಿಸಬೇಕಾದ ಸಂಗತಿಗಳು

ಅಮೆರಿಕದ ತಜ್ಞರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 600 ಯೂನಿಟ್, 70 ದಾಟಿದವರಿಗೆ 800 ಯೂನಿಟ್ ಸಾಕು. ಬೂತಾಯಿ, ಬಂಗುಡೆಯಂಥ ಕೊಬ್ಬಿನ ಮೀನು ಹಾಗೂ ಮೊಟ್ಟೆಯ ಹಳದಿಯಲ್ಲಿ ಇದು ಸಿಗುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೂ ವಿಟಮಿನ್ ಡಿ ಇಲ್ಲ. ಎಳೆಬಿಸಿಲಿನಲ್ಲಿ ಬೇಕಾದ ಕಿರಣ ಕಡಿಮೆ, ಕಿಟಕಿಯ ಗಾಜಿನ ಹಿಂದೆ ಅದು ಬಹುತೇಕ ಬಾರದು.

ಔಷಧದಂಗಡಿಯಲ್ಲಿ ಸಿಗುವ 60,000 ಯೂನಿಟ್‌ನ ಮಾತ್ರೆ, ಪುಡಿಗಳನ್ನು ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರ ಮಾತ್ರ ಬರೆದುಕೊಡುತ್ತಾರೆ. ಅದನ್ನು ದಿನವೂ ನುಂಗಿದರೆ, ಇಲ್ಲವೇ ತಿಂಗಳುಗಟ್ಟಲೆ ತಾವಾಗಿ ಮುಂದುವರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಮಂಕು ಇದರ ಲಕ್ಷಣಗಳು. ಮೂತ್ರಪಿಂಡಕ್ಕೂ ಹಾನಿಯಾಗಬಹುದು. ಮನೆಯ ಹಿರಿಯರಿಗೆ ಈ ಮಾತ್ರೆ ಬರೆದುಕೊಟ್ಟಿದ್ದರೆ ಎಷ್ಟು ವಾರ, ಯಾವಾಗ ನಿಲ್ಲಿಸಬೇಕು ಎಂಬುದನ್ನು ವೈದ್ಯರಲ್ಲಿ ಕೇಳಿ ಚೀಟಿಯಲ್ಲೇ ಬರೆಸಿಕೊಳ್ಳುವುದು ಒಳಿತು.