ಹೆಸರಿಲ್ಲದ ಸ್ವಾಗತ: ರೋಮಿನ ಪೊಪೊಲೊ ಮಹಾದ್ವಾರ

ರೋಮ್ ನಗರದ ಉತ್ತರದ ಕೋಟೆಬಾಗಿಲಿಗೆ ಪೋರ್ಟಾ ದೆಲ್ ಪೊಪೊಲೊ ಎಂದು ಹೆಸರು. ಚಕ್ರವರ್ತಿ ಔರೇಲಿಯನನು ಕ್ರಿ.ಶ. 3ನೆಯ ಶತಮಾನದಲ್ಲಿ ಕಟ್ಟಿಸತೊಡಗಿದ ಕೋಟೆಗೋಡೆಯನ್ನು ಪ್ರಾಚೀನ ಫ್ಲಮೀನಿಯಾ ಹೆದ್ದಾರಿಯು ಹೊಗುವ ಸ್ಥಳವಿದು. ಸಂತ ಪೇತ್ರ ಮತ್ತು ಸಂತ ಪೌಲರ ಸಮಾಧಿಗಳ ದರ್ಶನಕ್ಕಾಗಿ ಆಲ್ಪ್ಸ್ ಪರ್ವತಗಳ ಆಚೆಯಿಂದ ನಡೆದು ಬಂದ ಯಾತ್ರಿಕರಲ್ಲಿ ಬಹುಮಂದಿ ನಗರದೊಳಗೆ ಮೊದಲ ಹೆಜ್ಜೆಯಿಟ್ಟದ್ದು ಇಲ್ಲಿಯೇ. ಅವರಿಗೆ ಎದುರಾಗುವ ಹೊರಮುಖವನ್ನು ಜಗದ್ಗುರು 4ನೆಯ ಪಿಯುಸರು 1560ರ ದಶಕದಲ್ಲಿ ಹೊಸದಾಗಿ ಕಟ್ಟಿಸಿದರು.

ಒಳಮುಖವಾದರೋ ಬರೋಕ್ ಶೈಲಿಯದು. ಜಗದ್ಗುರು 7ನೆಯ ಅಲೆಕ್ಸಾಂಡರರ ಅಪ್ಪಣೆಯಂತೆ 1655ರಲ್ಲಿ ಅದನ್ನು ರೂಪಿಸಿದವನು ಮಹಾಶಿಲ್ಪಿ ಬೆರ್ನಿನಿ. ಅದರ ನೆತ್ತಿಯಲ್ಲಿ ಜಗದ್ಗುರುಗಳ ಮನೆತನದ ಲಾಂಛನವಾದ ಆರು ಗುಡ್ಡಗಳೂ ಒಂದು ನಕ್ಷತ್ರವೂ ಶೋಭಿಸುತ್ತವೆ. ಈ ಸಡಗರಕ್ಕೆ ಕಾರಣಳಾದವಳು ಸ್ವೀಡನ್ನಿನ ರಾಣಿ ಕ್ರಿಸ್ಟೀನಾ. ಪ್ರೊಟೆಸ್ಟೆಂಟ್ ಪಕ್ಷದ ಮಹಾಸೇನಾನಿಯಾಗಿ ರಣರಂಗದಲ್ಲಿ ಮಡಿದ ಗುಸ್ತಾವಸ್ ಅಡಾಲ್ಫಸ್ ದೊರೆಯ ಮಗಳು ಆಕೆ. 1654ರಲ್ಲಿ ಸಿಂಹಾಸನವನ್ನು ತ್ಯಜಿಸಿ, ಕಥೋಲಿಕ ಧರ್ಮಸಭೆಯನ್ನು ಸೇರಿ, 1655ರ ಡಿಸೆಂಬರ್ 23ರಂದು ಈ ಬಾಗಿಲಿನ ಮೂಲಕ ವೈಭವದಿಂದ ನಗರಪ್ರವೇಶ ಮಾಡಿದಳು. ಕ್ರಿಸ್ತಜಯಂತಿಯಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಜಗದ್ಗುರುಗಳೇ ಆಕೆಗೆ ದೃಢೀಕರಣ ಸಂಸ್ಕಾರವನ್ನಿತ್ತರು.

ಆದರೆ ಆಕೆ ಸಂತಳಾಗಲಿಲ್ಲವೆಂಬುದನ್ನು ಚರಿತ್ರೆಯು ಮರೆಮಾಚುವುದಿಲ್ಲ. 1657ರಲ್ಲಿ ಫ್ರಾನ್ಸ್ ದೇಶದಲ್ಲಿದ್ದಾಗ ತನ್ನ ಪರಿವಾರದ ಮೊನಾಲ್ದೆಸ್ಕಿ ಎಂಬವನನ್ನು ದ್ರೋಹದ ಆಪಾದನೆಯ ಮೇಲೆ ಕೊಲ್ಲಿಸಿದಳು. ಯೂರೋಪೆಲ್ಲ ಬೆಚ್ಚಿತು, ಜಗದ್ಗುರುಗಳೂ ನೊಂದುಕೊಂಡರು. ಆದರೂ ರೋಮ್ ಆಕೆಗೆ ತನ್ನ ಬಾಗಿಲನ್ನು ಮುಚ್ಚಲಿಲ್ಲ. ಮರಳಿ ಬಂದು, ಬಹುಕಾಲ ಅಲ್ಲಿ ಬಾಳಿ, 1689ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದಳು. ಆಕೆಯ ಸಮಾಧಿಯು ಸಂತ ಪೇತ್ರರ ಮಹಾದೇವಾಲಯದಲ್ಲಿದೆ.

19ನೆಯ ಶತಮಾನದ ಉತ್ತರಾರ್ಧದಲ್ಲಿ ಜನಸಂಚಾರ ಹೆಚ್ಚಲು, ಇಕ್ಕೆಲದ ಹಳೆಯ ಗೋಪುರಗಳನ್ನು ಕೆಡವಿ ಇನ್ನೆರಡು ಕಮಾನುಗಳನ್ನು ತೆರೆಯಲಾಯಿತು. ಬೆರ್ನಿನಿಯ ಒಳಮುಖವೂ ಅದರ ಮೇಲಿನ ಲತೀನ್ ಶಾಸನವೂ ಇಂದಿಗೂ ಉಳಿದಿವೆ. ಸುಖಕರವೂ ಶುಭಕರವೂ ಆದ ಪ್ರವೇಶಕ್ಕಾಗಿ ಎಂಬುದೇ ಆ ಶಾಸನದ ತಾತ್ಪರ್ಯ. ಜೊತೆಗೆ ಇಸವಿಯುಂಟು, ರಾಣಿಯ ಹೆಸರಿಲ್ಲ. ಯಾರಿಗಾಗಿ ಕೆತ್ತಿದರೆಂಬುದನ್ನು ಅಂದು ಎಲ್ಲರೂ ಬಲ್ಲವರಾಗಿದ್ದರು. ಆದರೆ ಹೆಸರಿಲ್ಲದ ಆ ಹರಕೆಯು, ಅಂದಿನಿಂದ ಇಂದಿನವರೆಗೆ, ಜೋಳಿಗೆ ಹೊತ್ತು ಬಂದ ಬಡ ಯಾತ್ರಿಕನಿಗೂ ಸಮನಾಗಿ ಸಂದಿದೆ. ಬಾಗಿಲು ಒಳಬರುವವರ ಯೋಗ್ಯತೆಯನ್ನು ಅಳೆಯುವುದಿಲ್ಲ. ಒಳಬಂದ ಮೇಲೆ ಹೇಗೆ ಬಾಳಬೇಕೆಂಬುದು ಬಂದವರ ಹೊಣೆ.