ಪಿ.ಜಿ. ಸೀಟು ಮತ್ತು ಮೋರಟಗಿ

ಸಿಂದಗಿ ತಾಲ್ಲೂಕಿನ ಮೋರಟಗಿಯ ಗರ್ಭಿಣಿಗೆ ಸಿಸೇರಿಯನ್ ಆಗಬೇಕಾದರೆ ಸ್ತ್ರೀರೋಗ ತಜ್ಞರೂ ಬೇಕು, ಅರಿವಳಿಕೆ ತಜ್ಞರೂ ಬೇಕು. ಸಿಂದಗಿಯಲ್ಲಿ ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ವಿಜಯಪುರಕ್ಕೋ ಕಲಬುರಗಿಗೋ ಓಡಬೇಕು. ಆ ತಜ್ಞರು ಯಾರಾಗುತ್ತಾರೆ, ಎಲ್ಲಿ ನೆಲೆಸುತ್ತಾರೆ ಎಂಬುದು ಬಹುಮಟ್ಟಿಗೆ ವೈದ್ಯಕೀಯ ಸ್ನಾತಕೋತ್ತರ (ಪಿ.ಜಿ.) ಸೀಟು ಹಂಚುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ನಾಲ್ಕು ದಶಕಗಳಿಂದ ಈ ಹಂಚಿಕೆಯ ನಿಯಮಗಳು ಬದಲಾಗುತ್ತಲೇ ಬಂದಿವೆ.

ಮೊದಲಿನ ಕಾಲದಲ್ಲಿ ಓದಿದ ವಿಶ್ವವಿದ್ಯಾಲಯ, ಅಲ್ಲಿ ಪಡೆದ ಅಂಕ, ಖಾಸಗಿ ಕಾಲೇಜಾದರೆ ಹಣ, ಇವು ನಡೆಯುತ್ತಿದ್ದವು. ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ಕಾನೂನಿನಿಂದ ನಿಷೇಧಿಸಿತು. ಅದೇ ವರ್ಷ ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಜ್ಞ ಶಿಕ್ಷಣದಲ್ಲಿ ವಾಸಸ್ಥಳ ನೋಡಿ ಸೀಟು ಕೊಡಬಾರದು ಎಂದಿತು. ಅದರ ಬೆನ್ನಿಗೇ ಅಖಿಲ ಭಾರತ ಕೋಟಾ ಬಂತು; ಮೊದಲು ಶೇ 25, ಮುಂದೆ ಶೇ 50. ಉಳಿದ ಸೀಟುಗಳಿಗೆ ರಾಜ್ಯ ಸರ್ಕಾರ ಒಂದು ಪರೀಕ್ಷೆ ನಡೆಸಿದರೆ ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌-ಕೆ ಇನ್ನೊಂದು ನಡೆಸುತ್ತಿತ್ತು. ಡೀಮ್ಡ್ ವಿಶ್ವವಿದ್ಯಾಲಯಗಳದ್ದು ಬೇರೆಯೇ. ಊರೂರು ತಿರುಗಿ ಅಷ್ಟೂ ಪರೀಕ್ಷೆ ಬರೆಯಲು ಹಳ್ಳಿಯ ಹುಡುಗರಿಗೆ ಬಸ್ ಚಾರ್ಜೂ ಭಾರವೇ.

ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆಯಾದ ನೀಟ್-ಪಿ.ಜಿ. ಬಂದದ್ದು ಈ ಗೊಂದಲಕ್ಕೆ ಉತ್ತರವಾಗಿ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, 2016ರಲ್ಲಿ ತನ್ನ ಆ ತೀರ್ಪನ್ನು ತಾನೇ ಹಿಂಪಡೆಯಿತು. 2017ರಿಂದ ಡೀಮ್ಡ್ ಸೀಟುಗಳೂ ಅದೇ ರ‍್ಯಾಂಕಿನ ಮೇಲೆ, ಕೇಂದ್ರದ ಕೌನ್ಸೆಲಿಂಗ್‌ನಲ್ಲಿ ಹಂಚಿಕೆಯಾಗುತ್ತಿವೆ. ಸೀಟಿನ ಗುಟ್ಟು ವ್ಯಾಪಾರಕ್ಕೆ ಇದು ದೊಡ್ಡ ತಡೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಶುಲ್ಕ ಹಾಗೇ ಉಳಿದಿದೆ. ಒಳ್ಳೆಯ ರ‍್ಯಾಂಕ್ ಬಂದವರೂ ಮ್ಯಾನೇಜ್‌ಮೆಂಟ್ ಸೀಟಿನ ಮೊತ್ತ ನೋಡಿ ಹಿಂದೆ ಸರಿಯುತ್ತಾರೆ; ಹಣವುಳ್ಳವರು ಕೆಳಗಿನ ರ‍್ಯಾಂಕಿನಲ್ಲೂ ರೇಡಿಯಾಲಜಿ ಸೇರುತ್ತಾರೆ. ಇನ್ನೊಂದು ತುದಿಯಲ್ಲಿ ಅನಾಟಮಿ, ಬಯೋಕೆಮಿಸ್ಟ್ರಿಯಂಥ ವಿಭಾಗಗಳ ಸೀಟು ಖಾಲಿ ಬೀಳುತ್ತವೆ. 2023ರಲ್ಲಿ ಅವನ್ನು ತುಂಬಲೆಂದು ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೇ ಇಳಿಸಬೇಕಾಯಿತು.

ಪರೀಕ್ಷೆ ಅಳೆಯುವುದಾದರೂ ಏನನ್ನು? 200 ಬಹು ಆಯ್ಕೆಯ ಪ್ರಶ್ನೆ, 800 ಅಂಕ. ಹೊಲಿಗೆ ಹಾಕುವ ಕೈ, ರೋಗಿಯ ಮಾತು ಕೇಳುವ ತಾಳ್ಮೆ ಲೆಕ್ಕಕ್ಕಿಲ್ಲ. ಇಂಟರ್ನ್‌ಶಿಪ್‌ನ ವರ್ಷ ವಾರ್ಡಿನಲ್ಲಿರಬೇಕಾದವರು ಕೋಚಿಂಗ್‌ನ ವಿಡಿಯೊ ಮುಂದೆ ಕೂರುತ್ತಾರೆ. ಅಮೆರಿಕದಲ್ಲಿ 1952ರಿಂದ ಅಭ್ಯರ್ಥಿ ಮತ್ತು ಆಸ್ಪತ್ರೆ ಎರಡರ ಇಚ್ಛೆಯನ್ನೂ ಹೊಂದಿಸುವ ‘ಮ್ಯಾಚ್’ ಪದ್ಧತಿ ಇದೆ; ಸಂದರ್ಶನ, ಶಿಫಾರಸು ಪತ್ರಗಳಿಗೆ ಅಲ್ಲಿ ತೂಕವಿದೆ. ಸಂದರ್ಶನ ಎಂದೊಡನೆ ನಮ್ಮಲ್ಲಿ ವಶೀಲಿಯ ಭಯ ಹುಟ್ಟುತ್ತದೆ, ಆ ಭಯ ಸುಳ್ಳೂ ಅಲ್ಲ. ಆದರೂ ವೆಲ್ಲೂರಿನ ಸಿ.ಎಂ.ಸಿ. ದೂರದ ಮಿಷನ್ ಆಸ್ಪತ್ರೆಗಳಲ್ಲಿ ದುಡಿಯಲು ಒಪ್ಪಿದವರನ್ನು ಹುಡುಕಿ ಆರಿಸುತ್ತಿದ್ದುದನ್ನು ಮರೆಯುವ ಹಾಗಿಲ್ಲ.

ಇನ್ನು ನಮ್ಮ ಗಡಿಯ ಮಾತು. ಮೋರಟಗಿಯ ಪೂರ್ವಕ್ಕೆ ಜೇವರ್ಗಿ ತಾಲ್ಲೂಕು. ಅದೇ ಎರೆಮಣ್ಣು, ಅದೇ ತೊಗರಿ. ಜೇವರ್ಗಿಯವರಿಗೆ ಸಂವಿಧಾನದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರ ಮೀಸಲಾತಿ ಇದೆ. ಸಿಂದಗಿಯವರಿಗೆ ಇಲ್ಲ. ಹಿಂದೆ ಜೇವರ್ಗಿ ನಿಜಾಮರ ಸೀಮೆ, ಸಿಂದಗಿ ಮುಂಬೈ ಪ್ರಾಂತ್ಯ; ಕಾರಣ ಅಷ್ಟೇ. ಕಲ್ಯಾಣ ಕರ್ನಾಟಕಕ್ಕೆ ಸಿಕ್ಕಿದ್ದು ನ್ಯಾಯವೇ, ಅದನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಆದರೆ 2002ರ ನಂಜುಂಡಪ್ಪ ಸಮಿತಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ ಸಿಂದಗಿಯೂ ಒಂದು. ಹಾಗಿದ್ದೂ ನಮ್ಮ ಜಿಲ್ಲಾ ಕೇಂದ್ರ ವಿಜಯಪುರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಗಾಗಿ ಜನ ಬೀದಿಗಿಳಿದು ಹೋರಾಡಬೇಕಾಯಿತು.

ವಾಸದ ಊರಿನ ಆಧಾರದ ಹೊಸ ಬಾಗಿಲು ತೆರೆಯುವುದು ಈಗ ಕಷ್ಟ. ಸುಪ್ರೀಂ ಕೋರ್ಟಿನ 2025ರ ಜನವರಿಯ ತನ್ವಿ ಬೆಹಲ್ ತೀರ್ಪು ಪಿ.ಜಿ.ಯಲ್ಲಿ ವಾಸಸ್ಥಳದ ಮೀಸಲಾತಿಯನ್ನು ಅಸಾಂವಿಧಾನಿಕ ಎಂದಿದೆ. ಸೇವೆಯ ಬಾಗಿಲು ಮಾತ್ರ ತೆರೆದೇ ಇದೆ. ದುರ್ಗಮ ಪ್ರದೇಶದಲ್ಲಿ ದುಡಿದ ಸರ್ಕಾರಿ ವೈದ್ಯರಿಗೆ ವರ್ಷಕ್ಕೆ ಶೇ 10ರಂತೆ, ಗರಿಷ್ಠ ಶೇ 30ರವರೆಗೆ ಹೆಚ್ಚುವರಿ ಅಂಕ ಕೊಡುವ ನಿಯಮವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿಯಿತು. ಸೇವಾನಿರತ ವೈದ್ಯರಿಗೆ ಪ್ರತ್ಯೇಕ ಸೀಟು ಇಡುವ ಅಧಿಕಾರ ರಾಜ್ಯಗಳಿಗಿದೆ ಎಂದು 2020ರಲ್ಲಿ ತಮಿಳುನಾಡಿನ ವೈದ್ಯಾಧಿಕಾರಿಗಳ ಪ್ರಕರಣದಲ್ಲಿ ಹೇಳಿತು, ತರಬೇತಿ ಮುಗಿದ ಮೇಲೆ ದುರ್ಗಮ ಊರುಗಳಲ್ಲೇ ದುಡಿಯುವ ಷರತ್ತನ್ನೂ ಸೂಚಿಸಿತು. ಹಳ್ಳಿಯ ಹಿನ್ನೆಲೆಯ ವೈದ್ಯರು ಹಳ್ಳಿಯಲ್ಲಿ ಉಳಿಯುವ ಸಂಭವ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಿಂದ ಹೇಳುತ್ತಲೇ ಇದೆ. ಅರಿವಳಿಕೆ, ಸ್ತ್ರೀರೋಗ, ಮಕ್ಕಳ ವಿಭಾಗಗಳ ಸೇವಾನಿರತ ಸೀಟುಗಳನ್ನು ನಂಜುಂಡಪ್ಪ ಪಟ್ಟಿಯ ತಾಲ್ಲೂಕುಗಳಲ್ಲಿ ದುಡಿದವರಿಗೇ ಮೊದಲು ಕೊಟ್ಟು, ಓದು ಮುಗಿದ ಮೇಲೆ ಅದೇ ತಾಲ್ಲೂಕಿನ ಆಸ್ಪತ್ರೆಗೆ ನೇಮಿಸಲು ಸರ್ಕಾರ ಮನಸ್ಸು ಮಾಡಿದರೆ ಸಾಕು.