ಊರಿಗೊಂದು ಹುಳಿ: ಯಾವ ಅಡುಗೆಗೆ ಯಾವುದು, ಯಾವಾಗ ಹಾಕಬೇಕು?

ಸಾರು, ಹುಳಿ, ಗೊಜ್ಜು ಯಾವುದೇ ಇರಲಿ, ನಮ್ಮ ಮನೆಗಳಲ್ಲಿ ಕೈ ಮೊದಲು ಹೋಗುವುದು ಹುಣಸೆಹಣ್ಣಿನ ಡಬ್ಬಿಗೆ. ಆದರೆ ಪಕ್ಕದ ಮನೆಯ ಮರಾಠಿ ಆಮಟಿಯನ್ನೋ ಪಂಜಾಬಿ ಛೋಲೆಯನ್ನೋ ಮನೆಯಲ್ಲಿ ಮಾಡಿದಾಗ 'ಅದೇ ರುಚಿ ಬರಲಿಲ್ಲ' ಅನ್ನಿಸಿದರೆ, ಮಸಾಲೆಗಿಂತ ಮೊದಲು ಹುಳಿಯನ್ನು ನೋಡಿ. ಯಾವ ಹುಳಿ ಎನ್ನುವಷ್ಟೇ ಅದನ್ನು ಯಾವಾಗ ಹಾಕುತ್ತೀರಿ ಎನ್ನುವುದೂ ಮುಖ್ಯ.

ಎಲ್ಲಕ್ಕೂ ಒಂದೇ ನಿಯಮ

ಬೇಳೆ, ಕಾಳು, ಆಲೂಗಡ್ಡೆ ಪೂರ್ತಿ ಬೆಂದ ಮೇಲೆಯೇ ಹುಳಿ ಹಾಕಿ. ಹುಳಿಯಲ್ಲಿರುವ ಆಮ್ಲ ಇವು ಮೆತ್ತಗಾಗುವುದನ್ನು ತಡೆಯುತ್ತದೆ. ಮೊದಲೇ ಹಾಕಿದರೆ ಕುಕ್ಕರ್ ಎಷ್ಟು ಸಲ ಕೂಗಿದರೂ ಕಾಳು ಗಟ್ಟಿಯಾಗಿಯೇ ಉಳಿಯಬಹುದು.

ಚೆನ್ನೈ: ಹುಣಸೆಹಣ್ಣು

ತಮಿಳರ ವತ್ತ ಕುಳಂಬಿಗೆ ಬೇಳೆ ಬೇಕಿಲ್ಲ. ಎಳ್ಳೆಣ್ಣೆಯಲ್ಲಿ ಒಗ್ಗರಣೆ ಹಾಕಿ, ಒಣಗಿಸಿದ ಸುಂಡೆಕಾಯಿ ಹುರಿದು, ಹುಣಸೆರಸ ಸೇರಿಸಿ, ಹಸಿ ವಾಸನೆ ಹೋಗಿ ಎಣ್ಣೆ ಮೇಲೆ ತೇಲುವವರೆಗೆ ಕುದಿಸಬೇಕು. ಹುಣಸೆ ಹೆಚ್ಚು ಹೊತ್ತು ಕುದಿದಷ್ಟೂ ರುಚಿ.

ಮುಂಬೈ, ಪುಣೆ: ಕೋಕಂ

ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಉತ್ತರ ಕನ್ನಡದಲ್ಲಿ ಮುರುಗಲು ಎನ್ನುವುದೂ ಇದೇ ಹಣ್ಣು. ತೊಗರಿಬೇಳೆ, ಗೋಡಾ ಮಸಾಲೆ, ಬೆಲ್ಲದ ಆಮಟಿಗೆ ನಾಲ್ಕೈದು ಒಣ ಸಿಪ್ಪೆ ಸಾಕು. ಕೊನೆಯ ಐದು ನಿಮಿಷದಲ್ಲಿ ಹಾಕಿ. ತೆಂಗಿನ ಹಾಲಿನ ಸೋಲ್‌ಕಡಿಯನ್ನಂತೂ ಕುದಿಸಲೇಬೇಡಿ, ಹಾಲು ಒಡೆಯುತ್ತದೆ.

ಹೈದರಾಬಾದ್: ಗೋಂಗೂರ

ಉತ್ತರ ಕರ್ನಾಟಕದವರಿಗೆ ಇದು ಹೊಸದಲ್ಲ, ನಮ್ಮ ಪುಂಡಿ ಸೊಪ್ಪೇ. ನಾವು ಬೇಳೆ, ಜೋಳದ ನುಚ್ಚಿನ ಜೊತೆ ಬೇಯಿಸಿ ಪಲ್ಯ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತೇವೆ. ತೆಲುಗರು ಮಾಂಸಕ್ಕೂ ಹಾಕುತ್ತಾರೆ. ಸೊಪ್ಪನ್ನು ಎಣ್ಣೆಯಲ್ಲಿ ಬಾಡಿಸಿ, ಕರಗಿದ ಮೇಲೆ, ಮುಕ್ಕಾಲು ಭಾಗ ಬೆಂದ ಮಾಂಸಕ್ಕೆ ಸೇರಿಸಿ. ಬೇರೆ ಹುಳಿ ಬೇಡ.

ದೆಹಲಿ: ಆಮ್ಚೂರ್

ಒಣಗಿಸಿದ ಮಾವಿನಕಾಯಿಯ ಪುಡಿ ಇದು. ನೀರು ಸೇರಿಸದೆಯೇ ಹುಳಿ ಕೊಡುವುದು ಇದರ ಗುಣ. ಹಾಗಾಗಿ ಬೆಂಡೆಕಾಯಿ ಪಲ್ಯಕ್ಕೆ ಹೇಳಿ ಮಾಡಿಸಿದಂತಿದೆ. ಒಲೆ ಆರಿಸುವ ಮುನ್ನ ಅರ್ಧ ಚಮಚ ಉದುರಿಸಿ. ಛೋಲೆಗೆ ಆಮ್ಚೂರ್ ಜೊತೆ ಒಣ ದಾಳಿಂಬೆ ಬೀಜದ ಪುಡಿಯನ್ನೂ ಹಾಕುವುದುಂಟು.

ಕೊಡಗು: ಕಾಚಂಪುಳಿ

ಪಂದಿ ಕರಿಯ ಕಪ್ಪು ಬಣ್ಣಕ್ಕೂ ಹುಳಿಗೂ ಇದೇ ಮೂಲ. ಹಣ್ಣಿನ ರಸವನ್ನು ಗಟ್ಟಿಯಾಗುವವರೆಗೆ ಕಾಯಿಸಿ ಮಾಡುವುದರಿಂದ ತುಂಬಾ ತೀಕ್ಷ್ಣ. ಮಾಂಸ ಬೆಂದ ಮೇಲೆ ಒಂದು ಚಮಚದಿಂದ ಶುರು ಮಾಡಿ, ರುಚಿ ನೋಡಿ ಹೆಚ್ಚಿಸಿ.

ಇವಿಷ್ಟು ನೆನಪಿರಲಿ

* ಹುಳಿ ಪದಾರ್ಥವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಒಳ್ಳೆಯದು.
* ನಿಂಬೆರಸ ಹಾಕುವುದಾದರೆ ಒಲೆಯಿಂದ ಇಳಿಸಿದ ಮೇಲೆ. ಕುದಿಸಿದರೆ ಘಮ ಹೋಗುತ್ತದೆ.
* ಹುಳಿ ಹೆಚ್ಚಾದರೆ ಚೂರು ಬೆಲ್ಲ ಹಾಕಿ, ಅಥವಾ ಬೆಂದ ಬೇಳೆ ಸೇರಿಸಿ.

ಒಂದು ಹುಳಿಯ ಬದಲು ಇನ್ನೊಂದನ್ನು ಹಾಕಿದರೂ ಅಡುಗೆ ಕೆಡುವುದಿಲ್ಲ. ಆದರೆ ಆಮಟಿಗೆ ಹುಣಸೆ ಹಾಕಿ ಕುದಿಸಿದರೆ ಅದು ನಮ್ಮ ಸಾರಿನ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಈ ಸಲ ದಿನಸಿ ಅಂಗಡಿಗೆ ಹೋದಾಗ ನಿಮ್ಮ ಊರಿನ ಹುಳಿಯ ಒಂದು ಸಣ್ಣ ಪೊಟ್ಟಣ ತಂದು ನೋಡಿ.